‘ಸಿಯ’ ಎಂಬ ಪುಟ್ಟ ಪದ



ಇಟಾಲಿಯನ್ ಭಾಷೆ ಕಲಿಯುವವರಿಗೆ ತೊಡಕಾಗುವ ಒಂದು ವ್ಯಾಕರಣ ಪಾಠವಿದೆ. ಅದರ ಹೆಸರು ಕೊಂಜುಂತೀವೊ. ಖಚಿತವಾಗಿ ತಿಳಿದದ್ದನ್ನು ಹೇಳುವಾಗ ಕ್ರಿಯಾಪದಕ್ಕೆ ಒಂದು ರೂಪ. ಊಹೆ, ಸಂದೇಹ, ಭಯ, ಹಾರೈಕೆಗಳನ್ನು ಹೇಳುವಾಗ ಇನ್ನೊಂದು ರೂಪ. ಈ ಎರಡನೆಯದೇ ಕೊಂಜುಂತೀವೊ.

‘ಅವನು ಪ್ರಾಮಾಣಿಕನೆಂದು ಬಲ್ಲೆ’ ಎನ್ನಲು ‘ಸೊ ಕೆ ಎ ಒನೆಸ್ತೊ’. ‘ಪ್ರಾಮಾಣಿಕನೆಂದು ನನ್ನ ಎಣಿಕೆ’ ಎನ್ನಲು ‘ಪೆನ್ಸೊ ಕೆ ಸಿಯ ಒನೆಸ್ತೊ’. ‘ಎ’ ಹೋಗಿ ‘ಸಿಯ’ ಬಂತು, ಅಷ್ಟೇ. ಆಡುಮಾತಿನಲ್ಲಿ ಇಟಲಿಯವರೇ ಎಷ್ಟೋ ಸಲ ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಶಿಷ್ಟ ಬರಹದಲ್ಲಿ, ಭಾಷಣದಲ್ಲಿ ಬಿಡುವಂತಿಲ್ಲ. ಗೌರವದಿಂದ ಕರೆಯಲೂ ಇದೇ ರೂಪ ಬೇಕು. ಗೆಳೆಯನಿಗೆ ‘ವಿಯೆನಿ’, ಬಾ. ಹಿರಿಯರಿಗೆ ‘ವೆಂಗ’, ಬನ್ನಿ.

ಇದರಲ್ಲಿ ನಮಗೇನು ಪಾಠ? ‘ನಾನು ಬಲ್ಲದ್ದೆಷ್ಟು, ಊಹಿಸಿದ್ದೆಷ್ಟು?’ ಎಂದು ಬಾಯಿ ತೆರೆಯುವ ಮುನ್ನ ಕೇಳಿಕೊಳ್ಳುವಂತೆ ಆ ವ್ಯಾಕರಣ ಒತ್ತಾಯಿಸುತ್ತದೆ. ‘ದಿಕೊನೊ ಕೆ ಸಿಯ ಉನ್ ಲಾದ್ರೊ’ ಎಂದರೆ ‘ಅವನು ಕಳ್ಳನಂತೆ’. ನಮ್ಮ ‘ಅಂತೆ’ ಮಾಡುವ ಕೆಲಸವೂ ಇದೇ. ಆದರೆ ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಕಿವಿಗೆ ಬಿದ್ದ ‘ಕದ್ದನಂತೆ’ ಮನೆ ತಲಪುವಷ್ಟರಲ್ಲಿ ‘ಕದ್ದ’ ಆಗಿರುತ್ತದೆ. ಒಂದು ಕುಟುಂಬದ ಮಾನ ಹೋಗಲು, ಒಬ್ಬ ಹುಡುಗಿಗೆ ಬಂದ ಸಂಬಂಧ ಮುರಿಯಲು ಅಷ್ಟೇ ಸಾಕು.

ಹಾಗಾದರೆ ‘ಅಂತೆ’ ಸೇರಿಸಿ ಹೇಳಿದರೆ ದೋಷವಿಲ್ಲವೇ? ವ್ಯಾಕರಣ ಒಪ್ಪೀತು, ಮನಸ್ಸಾಕ್ಷಿ ಒಪ್ಪದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ಎಂಟನೆಯ ಆಜ್ಞೆಯನ್ನು ವಿವರಿಸುವಾಗ ಸುಳ್ಳು ಅಪವಾದವನ್ನು ಮಾತ್ರ ಖಂಡಿಸುವುದಿಲ್ಲ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ಮನಸ್ಸಿನಲ್ಲೇ ನಿಜವೆಂದು ನಂಬಿಬಿಡುವುದೂ ದೋಷ. ನಿಜವಾದ ತಪ್ಪನ್ನೇ ಆದರೂ ತಕ್ಕ ಕಾರಣವಿಲ್ಲದೆ ಅರಿಯದವರಿಗೆ ಅರುಹುವುದೂ ದೋಷ. ‘ಅಂತೆ’ ಇರುವುದು ನಮ್ಮ ಅರಿವಿನ ಮಿತಿಯನ್ನು ಒಪ್ಪಿಕೊಳ್ಳಲು, ಜವಾಬ್ದಾರಿಯಿಂದ ನುಣುಚಿಕೊಳ್ಳಲು ಅಲ್ಲ.

ಇನ್ನೊಂದು ಸೊಗಸು ನೋಡಿ. ಸಂದೇಹಕ್ಕೆ ಬರುವ ಆ ‘ಸಿಯ’ವೇ ಹರಕೆಗೂ ಬರುತ್ತದೆ. ಇಟಲಿಯಲ್ಲಿ ಬಲಿಪೂಜೆಯ ಆರಂಭದಲ್ಲಿ ಗುರುಗಳು ‘ಪ್ರಭು ನಿಮ್ಮೊಡನೆ ಇರಲಿ’ ಎನ್ನುವಾಗ ಆ ‘ಇರಲಿ’ಯೂ ‘ಸಿಯ’ವೇ. ಒಬ್ಬರ ಬಗ್ಗೆ ನಿಮಗೆ ಖಚಿತವಾಗಿ ಏನೂ ಗೊತ್ತಿಲ್ಲವೇ? ‘ಕಳ್ಳನಂತೆ’ ಎನ್ನುವ ಬದಲು ‘ಅವನಿಗೆ ಒಳಿತಾಗಲಿ’ ಎನ್ನಿ. ಸಂದೇಹವಿದ್ದಾಗ ಹರಸಿದರೆ ನಷ್ಟವಿಲ್ಲ. ಹಳಿದರೆ, ಆಡಿದ ಮಾತನ್ನು ಮರಳಿ ಪಡೆಯಲಾಗದು.