ನಿಷ್ಠೆಗೆ ಪ್ರಶ್ನೆಪತ್ರಿಕೆ

ದೇಶಪ್ರೇಮವನ್ನು ಸಾಬೀತುಪಡಿಸಲು ಸಾಧ್ಯವೇ? ಸಾಧ್ಯ ಎಂದಾದರೆ ಯಾರ ಮುಂದೆ ಸಾಬೀತುಪಡಿಸಬೇಕು? ಯಾವ ಪುರಾವೆ ಕೊಡಬೇಕು? ಈ ಪ್ರಶ್ನೆಯನ್ನು ಕೂತು ಚರ್ಚಿಸುವುದು ಸುಲಭ. ಆದರೆ ಒಂದು ಸರಕಾರ ಅದನ್ನು ಅಚ್ಚು ಹಾಕಿಸಿ, ಮುಳ್ಳುತಂತಿಯ ಬೇಲಿಯೊಳಗೆ ತಾನೇ ಕೂಡಿಹಾಕಿದ ಜನರ ಕೈಗೆ ಕೊಟ್ಟು, 'ಹೌದು' ಅಥವಾ 'ಇಲ್ಲ' ಎಂದು ಬರೆಯಿರಿ ಎಂದದ್ದೂ ಇದೆ. ಇದು ನಡೆದದ್ದು 1943ರ ಆರಂಭದಲ್ಲಿ, ಅಮೆರಿಕದಲ್ಲಿ.

ಎರಡನೇ ಮಹಾಯುದ್ಧದ ಬಗ್ಗೆ ಅಮೆರಿಕನ್ನರು ಬರೆದುಕೊಂಡ ಪುಸ್ತಕಗಳಿಗೆ ಲೆಕ್ಕವಿಲ್ಲ. ಜನಪ್ರಿಯವಾದವುಗಳಲ್ಲಿ ಹೆಚ್ಚಿನವು ಹೆಮ್ಮೆಯ ಪುಸ್ತಕಗಳು. ಟಿವಿ ಪತ್ರಕರ್ತ ಟಾಮ್ ಬ್ರೋಕಾ 1998ರಲ್ಲಿ ಬರೆದ 'ದಿ ಗ್ರೇಟೆಸ್ಟ್ ಜನರೇಶನ್' ಅವುಗಳಲ್ಲಿ ಬಹಳ ಪ್ರಸಿದ್ಧ. ಅದರ ಧೋರಣೆ ಹೆಸರಿನಲ್ಲೇ ಇದೆ. ಅದಕ್ಕೂ ಮೊದಲು, 1984ರಲ್ಲಿ, ಶಿಕಾಗೋದ ಸ್ಟಡ್ಸ್ ಟರ್ಕೆಲ್ ಯುದ್ಧಕಾಲವನ್ನು ಕಂಡ ಸಾಮಾನ್ಯ ಜನರ ಮಾತುಗಳನ್ನು ಸಂಗ್ರಹಿಸಿ 'ದಿ ಗುಡ್ ವಾರ್' ಪ್ರಕಟಿಸಿದರು. 'ಒಳ್ಳೆಯ ಯುದ್ಧ' ಎಂಬ ಆ ಮಾತನ್ನು ಅವರು ಉದ್ಧರಣ ಚಿಹ್ನೆಯೊಳಗೆ ಇಟ್ಟರು. ಹಿಟ್ಲರ್‌ನನ್ನು ಸೋಲಿಸಲೇಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ನ್ಯಾಯದ ಯುದ್ಧ ಮಾಡುವವನು ತನ್ನ ಮನೆಯೊಳಗೆ ಮಾಡಿದ್ದೆಲ್ಲವೂ ನ್ಯಾಯವಾಗುತ್ತದೆಯೇ? ಈ ಸಂಶಯ ಆ ಚಿಹ್ನೆಯಲ್ಲಿದೆ. ನಾನು ಹೇಳಹೊರಟಿರುವುದು ಈ ಸಂಶಯದ ಜೊತೆಗೆ ಸೇರುವ, ಹೆಚ್ಚು ಜನ ಓದದ ಇನ್ನೂ ಕೆಲವು ಪುಸ್ತಕಗಳ ಬಗ್ಗೆ.

1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ ಸುಮಾರು 2,400 ಅಮೆರಿಕನ್ನರನ್ನು ಕೊಂದವು. ಎರಡೂವರೆ ತಿಂಗಳೊಳಗೆ, 1942ರ ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದರು. ಆದೇಶದಲ್ಲಿ ಜಪಾನಿ ಎಂಬ ಶಬ್ದವೇ ಇರಲಿಲ್ಲ. ಸೈನ್ಯಕ್ಕೆ ಬೇಕೆನಿಸಿದ ಪ್ರದೇಶದಿಂದ ಬೇಕೆನಿಸಿದವರನ್ನು ಹೊರಹಾಕುವ ಅಧಿಕಾರ ಮಾತ್ರ ಇತ್ತು. ಅದು ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಪಶ್ಚಿಮ ಕರಾವಳಿಯಿಂದ ಜಪಾನಿ ಮೂಲದ ಸುಮಾರು 1,20,000 ಮಂದಿಯನ್ನು ಎಬ್ಬಿಸಲಾಯಿತು. ಅವರಲ್ಲಿ ಮೂರನೇ ಎರಡು ಭಾಗದಷ್ಟು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಅಂಗಡಿ, ಹೊಲ, ದೋಣಿಗಳನ್ನು ಸಿಕ್ಕಿದ ಬೆಲೆಗೆ ಮಾರಿ, ಕೈಯಲ್ಲಿ ಹೊರುವಷ್ಟು ಸಾಮಾನು ಹಿಡಿದು ಅವರು ಹೊರಟರು. ಎಷ್ಟೋ ಕುಟುಂಬಗಳನ್ನು ಮೊದಲು ಕುದುರೆ ಜೂಜಿನ ಮೈದಾನಗಳ ಲಾಯಗಳಲ್ಲಿ ಇರಿಸಲಾಯಿತು. ಆಮೇಲೆ ಮರುಭೂಮಿಯಲ್ಲೂ ಜೌಗು ನೆಲದಲ್ಲೂ ಕಟ್ಟಿದ ಹತ್ತು ಶಿಬಿರಗಳು. ಕೈದಿಗಳು ಕ್ಯಾಮೆರಾ ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ ಮಿನೆ ಒಕುಬೊ ಎಂಬ ಚಿತ್ರಕಾರ್ತಿ ಕಂಡದ್ದನ್ನೆಲ್ಲ ಗೆರೆಗಳಲ್ಲಿ ಹಿಡಿದಿಟ್ಟರು. 1946ರಲ್ಲಿ ಬಂದ ಆ ಚಿತ್ರಪುಸ್ತಕದ ಹೆಸರು 'ಸಿಟಿಜನ್ 13660'. ಅದು ಆಕೆಯ ಕುಟುಂಬಕ್ಕೆ ಸರಕಾರ ಕೊಟ್ಟ ಸಂಖ್ಯೆ. 'ಪ್ರಜೆ' ಎಂಬ ಪದವನ್ನೂ ಆ ಸಂಖ್ಯೆಯನ್ನೂ ಒಟ್ಟಿಗೆ ಇಟ್ಟರೆ ಸಾಕು, ಬೇರೆ ವ್ಯಾಖ್ಯಾನ ಬೇಕಿಲ್ಲ.

ಈ ಎತ್ತಂಗಡಿಯನ್ನು ಶಿಫಾರಸು ಮಾಡಿದ ಸೇನಾಧಿಕಾರಿ ಜನರಲ್ ಜಾನ್ ಡಿವಿಟ್. ಆತನ ವಾದವನ್ನು ಸ್ವಲ್ಪ ನಿಂತು ನೋಡಬೇಕು. ಜಪಾನಿ ಮೂಲದವರಿಂದ ಇದುವರೆಗೂ ಯಾವುದೇ ವಿಧ್ವಂಸಕ ಕೃತ್ಯ ನಡೆದಿಲ್ಲ. ನಡೆಯದಿರುವುದೇ ಮುಂದೆ ನಡೆಯಲಿದೆ ಎಂಬುದರ ಸೂಚನೆ ಎಂದು ಆತ ಬರೆದರು. ಅಂದರೆ ತಪ್ಪು ಮಾಡಿದರೆ ಅದು ತಪ್ಪಿಗೆ ಸಾಕ್ಷ್ಯ, ಮಾಡದಿದ್ದರೆ ಅದು ಸಂಚಿಗೆ ಸಾಕ್ಷ್ಯ! ಒಂದು ಸಮುದಾಯದ ಮೇಲೆ ಅನುಮಾನ ಒಮ್ಮೆ ನೆಲೆಯೂರಿದರೆ ಅದು ತನಗೆ ಬೇಕಾದ ಪುರಾವೆಯನ್ನು ಗಾಳಿಯಿಂದಲೂ ಹೆಕ್ಕಿಕೊಳ್ಳುತ್ತದೆ. ಅಂಥ ಅನುಮಾನದ ಮುಂದೆ ನಿರಪರಾಧಿ ಏನು ಮಾಡಿಯೂ ಪಾರಾಗಲಾರ. ಯಾಕೆಂದರೆ ಅಲ್ಲಿ ಆರೋಪ ಇರುವುದು ಆತ ಮಾಡಿದ ಕೆಲಸದ ಮೇಲಲ್ಲ, ಆತನ ಹುಟ್ಟಿನ ಮೇಲೆ.

ಇಷ್ಟಾದ ಮೇಲೆ ಪ್ರಶ್ನೆಪತ್ರಿಕೆ ಬಂತು. ಕೂಡಿಹಾಕಿ ವರ್ಷವಾಗುತ್ತಿದ್ದಂತೆ ಸೈನ್ಯಕ್ಕೆ ಶಿಬಿರದ ಯುವಕರು ಬೇಕಾದರು. 17 ವರ್ಷ ದಾಟಿದ ಎಲ್ಲರಿಗೂ ನಮೂನೆಗಳನ್ನು ಹಂಚಲಾಯಿತು. 27ನೇ ಪ್ರಶ್ನೆ ಯುವಕರನ್ನು ಕೇಳಿತು: ಹೇಳಿದ ಕಡೆ ಹೋಗಿ ಅಮೆರಿಕದ ಪರವಾಗಿ ಯುದ್ಧ ಮಾಡಲು ಸಿದ್ಧನಿದ್ದೀಯಾ? 28ನೇ ಪ್ರಶ್ನೆ: ಅಮೆರಿಕಕ್ಕೆ ಸಂಪೂರ್ಣ ನಿಷ್ಠೆ ಪ್ರಮಾಣಿಸಿ, ಜಪಾನಿನ ಚಕ್ರವರ್ತಿಗೆ ತೋರುವ ನಿಷ್ಠೆಯನ್ನು ತ್ಯಜಿಸುತ್ತೀಯಾ?

ಕೇಳಲು ನೇರ ಪ್ರಶ್ನೆಗಳು. ಆದರೆ ಇಲ್ಲೇ ಹುಟ್ಟಿ ಬೆಳೆದ, ಚಕ್ರವರ್ತಿಯನ್ನು ಕನಸಲ್ಲೂ ನೆನೆಯದ ಹುಡುಗ 'ತ್ಯಜಿಸುತ್ತೇನೆ' ಎಂದರೆ ಇದುವರೆಗೆ ಆ ನಿಷ್ಠೆ ಇತ್ತೆಂದು ಒಪ್ಪಿಕೊಂಡಂತೆ. ಆತನ ತಂದೆ ತಾಯಿಯ ಸಂಕಟ ಇನ್ನೂ ದೊಡ್ಡದು. ಏಷ್ಯಾದಿಂದ ವಲಸೆ ಬಂದವರಿಗೆ ಆಗ ಅಮೆರಿಕದ ಪೌರತ್ವ ಪಡೆಯುವ ಹಕ್ಕೇ ಇರಲಿಲ್ಲ. (ಇದರ ಬಿಸಿ ನಮ್ಮವರಿಗೂ ತಟ್ಟಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಸಮವಸ್ತ್ರ ತೊಟ್ಟಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ 'ಬಿಳಿಯ'ನಲ್ಲ, ಆದ್ದರಿಂದ ಪೌರನಾಗಲಾರ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು.) ಅಮೆರಿಕ ತನ್ನವರೆಂದು ಒಪ್ಪದ ವೃದ್ಧರು ಜಪಾನನ್ನೂ ತೊರೆದರೆ ಅವರಿಗೆ ಉಳಿಯುವ ದೇಶ ಯಾವುದು? ಈ ಅಸಂಬದ್ಧ ಅಧಿಕಾರಿಗಳಿಗೇ ತಡವಾಗಿ ಹೊಳೆದು, ಹಿರಿಯರಿಗೆ ಪ್ರಶ್ನೆಯ ಮಾತು ಬದಲಿಸಿದರು. ಇನ್ನೊಂದು ತಮಾಷೆಯೆಂದರೆ ಅವರಿಗೆ ಕೊಟ್ಟ ನಮೂನೆಯ ತಲೆಬರಹ ಶಿಬಿರ ಬಿಡಲು ಅರ್ಜಿ ಎಂಬರ್ಥದ್ದಾಗಿತ್ತು. ಮನೆ ಮಠ ಕಳೆದುಕೊಂಡ ಮುದುಕರು, 'ಹೌದು' ಎಂದರೆ ಇಲ್ಲಿಂದಲೂ ಬೀದಿಗೆ ತಳ್ಳುತ್ತಾರೇನೋ ಎಂದು ಹೆದರಿದರು.

ಹೀಗೆ ಭಯ, ಸಿಟ್ಟು, ಗೊಂದಲ, ಮುದಿ ತಂದೆ ತಾಯಿಯನ್ನು ಅಗಲಬೇಕಾದೀತೆಂಬ ಚಿಂತೆ ಎಲ್ಲವೂ ಸೇರಿ ಸಾವಿರಾರು ಮಂದಿ 'ಇಲ್ಲ' ಎಂದೋ, ಷರತ್ತು ಹಾಕಿಯೋ ಬರೆದರು. ಸರಕಾರದ ಕಡತದಲ್ಲಿ ಇವರೆಲ್ಲ ಒಂದೇ: ನಿಷ್ಠೆಯಿಲ್ಲದವರು. ಅವರನ್ನು ಕ್ಯಾಲಿಫೋರ್ನಿಯಾದ ಟೂಲಿ ಲೇಕ್ ಶಿಬಿರಕ್ಕೆ ಸಾಗಿಸಲಾಯಿತು.

'ಹೌದು' ಎಂದವರ ಕಥೆ ಹೆಚ್ಚು ಜನರಿಗೆ ಗೊತ್ತು. ಅವರಿಂದ ತುಂಬಿದ 442ನೇ ರೆಜಿಮೆಂಟ್ ಇಟಲಿ, ಫ್ರಾನ್ಸ್‌ಗಳಲ್ಲಿ ಹೋರಾಡಿ, ಗಾತ್ರಕ್ಕೆ ಹೋಲಿಸಿದರೆ ಅಮೆರಿಕದ ಸೈನ್ಯದಲ್ಲೇ ಅತಿ ಹೆಚ್ಚು ಪದಕ ಪಡೆದ ಪಡೆಯಾಯಿತು. 1944ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಕಾಡಿನಲ್ಲಿ ಸಿಕ್ಕಿಬಿದ್ದಿದ್ದ ಇನ್ನೂರಕ್ಕೂ ಸ್ವಲ್ಪ ಹೆಚ್ಚು ಟೆಕ್ಸಾಸ್ ಸೈನಿಕರನ್ನು ಬಿಡಿಸಲು ಈ ಪಡೆ ತೆತ್ತ ಸಾವುನೋವು ಆ ಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚು. ಅವರಲ್ಲಿ ಕೆಲವರ ಹೆತ್ತವರು ಆ ಹೊತ್ತಿಗೂ ಕಾವಲು ಗೋಪುರದ ಕೆಳಗೆ ಬದುಕುತ್ತಿದ್ದರು. ಅದೇ ವರ್ಷ ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರದ 63 ಯುವಕರು ಬೇರೆ ಮಾತು ಹೇಳಿದರು: ನಾವು ಪ್ರಜೆಗಳೇ ಆಗಿದ್ದರೆ ಮೊದಲು ನಮ್ಮ ಹಕ್ಕು ಹಿಂದಿರುಗಿಸಿ, ನಮ್ಮವರನ್ನು ಬಿಡಿ, ಆಮೇಲೆ ಸೈನ್ಯಕ್ಕೆ ಕರೆಯಿರಿ. ಅವರಿಗೆ ಮೂರು ವರ್ಷ ಜೈಲಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ಕ್ಷಮಾದಾನ ನೀಡಿದರು.

ಇವರಲ್ಲಿ ದೇಶಪ್ರೇಮಿ ಯಾರು? ಹಾಗೆ ಕೇಳುವುದೇ ಒಂದು ಬಲೆ ಎಂದು ನನಗನಿಸುತ್ತದೆ. ಹೋರಾಡಿ ಸತ್ತವನ ಧೈರ್ಯಕ್ಕೆ ತಲೆಬಾಗೋಣ. ಆದರೆ ಆತನ ಸಾವನ್ನು ನಿಷ್ಠೆಯ ಪ್ರಮಾಣಪತ್ರವೆಂದು ಕೊಂಡಾಡುವಾಗ ನಾವು ಒಂದು ಘೋರ ಮಾತನ್ನು ಸದ್ದಿಲ್ಲದೆ ಒಪ್ಪಿಕೊಳ್ಳುತ್ತೇವೆ. ಕೆಲವರಿಗೆ ಪೌರತ್ವ ಹುಟ್ಟಿನಿಂದ ಪುಕ್ಕಟೆ ಸಿಗುತ್ತದೆ, ಇನ್ನು ಕೆಲವರು ಅದನ್ನು ರಕ್ತ ಕೊಟ್ಟು ಕೊಳ್ಳಬೇಕು ಎಂಬ ಮಾತು. ಪಕ್ಕದ ಊರಿನ ಬಿಳಿಯ ರೈತನಿಗೆ ಯಾರೂ 28ನೇ ಪ್ರಶ್ನೆ ಕೇಳಲಿಲ್ಲ. ಆತ ತನ್ನ ದೇಶವನ್ನು ಪ್ರೀತಿಸುತ್ತಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ನಿಜವಾದ ಪೌರತ್ವವೆಂದರೆ ಬಹುಶಃ ಇಷ್ಟೇ: ಯಾರಿಗೂ ಉತ್ತರ ಕೊಡದೆ ನಿಶ್ಚಿಂತೆಯಿಂದ ನಿದ್ದೆ ಮಾಡುವ ಹಕ್ಕು.

ಯುದ್ಧಕಾಲದಲ್ಲಿ ಪ್ರಭುತ್ವ ಹೆದರುವುದು ಸಹಜವಲ್ಲವೇ, ದ್ರೋಹಿಗಳು ನಿಜಕ್ಕೂ ಇರುವುದಿಲ್ಲವೇ ಎಂದು ಕೇಳಬಹುದು. ಇರುತ್ತಾರೆ. ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೇ ಹವಾಯಿಯ ನಿಹಾವು ದ್ವೀಪದಲ್ಲಿ ಇಳಿದ ಒಬ್ಬ ಜಪಾನಿ ಪೈಲಟ್‌ಗೆ ಅಲ್ಲಿನ ಜಪಾನಿ ಮೂಲದ ದಂಪತಿ ನೆರವಾದದ್ದು ದಾಖಲಾಗಿರುವ ಸತ್ಯ. ಅದನ್ನು ಮರೆಮಾಚಬೇಕಿಲ್ಲ. ಆದರೆ ಅದೇ ಹವಾಯಿಯನ್ನೇ ನೋಡಿ. ಅಲ್ಲಿನ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಜಪಾನಿ ಮೂಲದವರು, ದಾಳಿ ನಡೆದದ್ದೂ ಅಲ್ಲೇ. ಅಲ್ಲಿ ಸಾಮೂಹಿಕ ಎತ್ತಂಗಡಿ ನಡೆಯಲಿಲ್ಲ. ಅನುಮಾನ ಬಂದ ಕೆಲವರನ್ನು ಹಿಡಿದರು, ಅಷ್ಟೆ. ಉಳಿದವರನ್ನೂ ಕೂಡಿಹಾಕಿದರೆ ದ್ವೀಪದ ದುಡಿಮೆಯೇ ನಿಲ್ಲುತ್ತಿತ್ತು. ಅಪಾಯ ಹೆಚ್ಚಿದ್ದಲ್ಲಿ ಬಿಟ್ಟು, ಕಡಿಮೆ ಇದ್ದಲ್ಲಿ ಬೇಲಿ ಹಾಕಿದ್ದಕ್ಕೆ ಭದ್ರತೆ ಎಂದು ಹೆಸರು! ಕಾನೂನು ಕೃತ್ಯವನ್ನು ಶಿಕ್ಷಿಸಬಹುದು, ಶಿಕ್ಷಿಸಬೇಕು. ಹೃದಯವನ್ನು ತೆರೆದು ತೋರಿಸು ಎನ್ನುವ ಅಧಿಕಾರ ಅದಕ್ಕಿಲ್ಲ. ಅಷ್ಟಕ್ಕೂ ನಿಜವಾದ ಗೂಢಚಾರ ಆ ನಮೂನೆ ಸಿಕ್ಕಿದರೆ ಏನು ಬರೆಯುತ್ತಾನೆ? ಎಲ್ಲರಿಗಿಂತ ಮೊದಲು, ದಪ್ಪ ಅಕ್ಷರದಲ್ಲಿ, 'ಹೌದು' ಎಂದೇ.

ಈ ಇಕ್ಕಟ್ಟನ್ನು ಒಳಗಿನಿಂದ ಬರೆದ ಕಾದಂಬರಿಕಾರ ಜಾನ್ ಒಕಾಡ. 1923ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದವರು. ಕುಟುಂಬ ಶಿಬಿರ ಸೇರಿತು, ಒಕಾಡ ಸೈನ್ಯ ಸೇರಿದರು. ಹೀಗೆ 'ಹೌದು' ಎಂದ ಮನುಷ್ಯ 1957ರಲ್ಲಿ ಬರೆದ ಏಕೈಕ ಪ್ರಕಟಿತ ಕಾದಂಬರಿಯ ಹೆಸರು 'ನೋ-ನೋ ಬಾಯ್'. ಅದರ ನಾಯಕ ಇಚಿರೊ ಯುದ್ಧಕ್ಕೆ ಹೋಗಲು ಒಪ್ಪದೆ ಎರಡು ವರ್ಷ ಶಿಬಿರ, ಎರಡು ವರ್ಷ ಜೈಲು ಕಂಡು ಊರಿಗೆ ಮರಳುತ್ತಾನೆ. ಆತನ ಮೇಲೆ ಮೊದಲು ಉಗುಳುವವನು ಬಿಳಿಯನಲ್ಲ. ಸೈನ್ಯದಿಂದ ಮರಳಿದ, ಆತನದೇ ಸಮುದಾಯದ ಪರಿಚಿತ. ತಾಯಿ ಜಪಾನ್ ಯುದ್ಧ ಗೆದ್ದಿದೆ ಎಂದೇ ನಂಬಿ ಕೂತಿದ್ದಾಳೆ. ತಮ್ಮ ಅಣ್ಣನ ಕಳಂಕ ತೊಳೆಯಲು ಸೈನ್ಯಕ್ಕೆ ಓಡುತ್ತಾನೆ. ಕೆಂಜಿ ಎಂಬ ಗೆಳೆಯ ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದಾನೆ, ಉಳಿದ ತುಂಡು ಕೊಳೆಯುತ್ತ ಆತನನ್ನು ಸಾವಿನತ್ತ ಒಯ್ಯುತ್ತಿದೆ. ಇಬ್ಬರೂ ಕೂತು, ನಮ್ಮಿಬ್ಬರ ಪಾಡನ್ನು ಅದಲುಬದಲು ಮಾಡಿಕೊಳ್ಳಬಹುದೇ ಎಂದು ಯೋಚಿಸುತ್ತಾರೆ. ಗೌರವ ಪಡೆದವನು ಸಾಯುತ್ತಿದ್ದಾನೆ, ಬದುಕಿ ಉಳಿದವನಿಗೆ ಗೌರವವಿಲ್ಲ. ಇಬ್ಬರನ್ನೂ ಈ ಸ್ಥಿತಿಗೆ ತಂದ ಪ್ರಶ್ನೆ ಒಂದೇ.

ಆ ಕಾದಂಬರಿಯ 1,500 ಪ್ರತಿಗಳು ಲೇಖಕ ಬದುಕಿರುವಾಗ ಖರ್ಚಾಗಲಿಲ್ಲ. ಬಿಳಿಯರು ಓದಲಿಲ್ಲ ಎಂಬುದು ಅಚ್ಚರಿಯಲ್ಲ. ಜಪಾನಿ ಅಮೆರಿಕನ್ನರೂ ಅದರಿಂದ ಮುಖ ತಿರುಗಿಸಿದರು. ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವೇನಲ್ಲ. ಅನುಮಾನಕ್ಕೊಳಗಾದ ಸಮುದಾಯ ಮೊದಲು ಮಾಡುವ ಕೆಲಸ ತನ್ನೊಳಗಿನ 'ಕೆಟ್ಟವರ'ನ್ನು ತಾನೇ ದೂರವಿಡುವುದು. ಮಾಧ್ಯಮ, ಪೊಲೀಸು, ನ್ಯಾಯಾಲಯಗಳಿಗಿಂತ ಮೊದಲು ತಾನೇ ತೀರ್ಪು ಕೊಟ್ಟುಬಿಡುವುದು. ಪದಕ ಗೆದ್ದವರ ಫೋಟೊ ಮುಂದಿಟ್ಟು, ನಾವು ಇಂಥವರು, ಅಂಥವರಲ್ಲ ಎನ್ನುವುದು. ಈ ಸಮುದಾಯದ ಪ್ರಮುಖ ಸಂಘಟನೆಯಾದ ಜಪಾನೀಸ್ ಅಮೆರಿಕನ್ ಸಿಟಿಜನ್ಸ್ ಲೀಗ್ ಆಗ ಹಾರ್ಟ್ ಮೌಂಟನ್ ಯುವಕರನ್ನು ಖಂಡಿಸಿತ್ತು. ಅವರ ಕ್ಷಮೆ ಕೇಳಿದ್ದು 2002ರಲ್ಲಿ. ಅಷ್ಟರಲ್ಲಿ ಅವರಲ್ಲಿ ಹಲವರು ತೀರಿಹೋಗಿದ್ದರು.

ಸತ್ಯ ನಿಧಾನವಾಗಿ ಬಂತು, ಅದನ್ನು ತಂದವರೂ ದೊಡ್ಡ ಇತಿಹಾಸಕಾರರಲ್ಲ. ಹದಿಹರೆಯವನ್ನು ಶಿಬಿರದಲ್ಲಿ ಕಳೆದ, ಟಿವಿ ಕಾರ್ಯಕ್ರಮಗಳಿಗೆ ಉಡುಪು ವಿನ್ಯಾಸ ಮಾಡುತ್ತಿದ್ದ ಮಿಚಿ ವೆಗ್ಲಿನ್ ವರ್ಷಗಟ್ಟಲೆ ದಾಖಲೆ ಹುಡುಕಿ 1976ರಲ್ಲಿ 'ಇಯರ್ಸ್ ಆಫ್ ಇನ್‌ಫಮಿ' ಬರೆದರು. ಇನ್ನೊಬ್ಬ ಮಾಜಿ ಕೈದಿ ಐಕೊ ಹರ್ಜಿಗ್-ಯೋಶಿನಾಗ 1982ರಲ್ಲಿ ರಾಷ್ಟ್ರೀಯ ಪತ್ರಾಗಾರದಲ್ಲಿ, ಸುಟ್ಟುಹಾಕಲಾಗಿದೆ ಎಂದುಕೊಂಡಿದ್ದ ಡಿವಿಟ್ ವರದಿಯ ಮೂಲ ಪ್ರತಿಯೊಂದನ್ನು ಕಂಡುಹಿಡಿದರು. ನಿಷ್ಠರನ್ನು ಬೇರ್ಪಡಿಸಲು ಸಮಯವಿರಲಿಲ್ಲ ಎಂದು ಸರಕಾರ ಸುಪ್ರೀಂ ಕೋರ್ಟಿಗೆ ಹೇಳಿತ್ತು. ಮೂಲ ವರದಿಯಲ್ಲಿ ಇದ್ದದ್ದು ಬೇರೆ: ಎಷ್ಟೇ ಸಮಯ ಕೊಟ್ಟರೂ ಈ ಜನರಲ್ಲಿ ನಿಷ್ಠರನ್ನು ಗುರುತಿಸಲಾಗದು. 1944ರಲ್ಲಿ ಕೊರೆಮಾಟ್ಸು ಮೊಕದ್ದಮೆಯಲ್ಲಿ ಆರು ನ್ಯಾಯಾಧೀಶರು ಸರಕಾರದ ಮಾತು ನಂಬಿದರು, ಮೂವರು ನಂಬಲಿಲ್ಲ. 1988ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ದೇಶದ ಪರವಾಗಿ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಕೊರೆಮಾಟ್ಸು ತೀರ್ಪು ಕೊಟ್ಟ ದಿನವೇ ತಪ್ಪಾಗಿತ್ತು ಎಂದು ಸುಪ್ರೀಂ ಕೋರ್ಟಿನ ಬಹುಮತ ಹೇಳಿದ್ದು 2018ರಲ್ಲಿ. ಅದನ್ನು ಹೇಳಿದ್ದು ಮುಸ್ಲಿಮರೇ ಬಹುಸಂಖ್ಯಾತರಾದ ಕೆಲವು ದೇಶಗಳ ಜನರ ಪ್ರವೇಶಕ್ಕೆ ಅಧ್ಯಕ್ಷ ಟ್ರಂಪ್ ಹೇರಿದ್ದ ನಿರ್ಬಂಧವನ್ನು ಎತ್ತಿಹಿಡಿದ ಅದೇ ತೀರ್ಪಿನಲ್ಲಿ.

ದೇಶದ ತಪ್ಪನ್ನು ಬರೆಯುವವರು ದೇಶವನ್ನು ಕೀಳಾಗಿ ಕಾಣುತ್ತಾರೆ ಎಂಬ ದೂರು ಎಲ್ಲೆಡೆ ಇದೆ. 2022ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಸ್ಕೀಗೊದಲ್ಲಿ, ಶಿಬಿರದ ಬಗ್ಗೆ ಜೂಲಿ ಒಟ್ಸುಕ ಬರೆದ ಕಾದಂಬರಿಯನ್ನು ಪಠ್ಯವಾಗಿಸುವ ಪ್ರಸ್ತಾಪ ಶಾಲಾ ಮಂಡಳಿಯಲ್ಲಿ ನಿಂತುಹೋಯಿತು. ಅದರ ಜೊತೆಗೆ ಇನ್ನೊಂದು ಬದಿಯನ್ನೂ ಹೇಳಿ ಸಮತೋಲನ ಕಾಪಾಡಬೇಕೆಂಬ ಮಾತು ಬಂದಿತ್ತು. ಬೇಲಿಯ ಒಳಗೆ ಆರೇಳು ವರ್ಷದ ಮಗುವಿದ್ದರೆ ಅದರ ಇನ್ನೊಂದು ಬದಿ ಯಾವುದು? ಬಂದೂಕು ಹಿಡಿದ ಕಾವಲುಗಾರನದೇ? ಆತನ ಬದಿಯನ್ನು ದೇಶ ನಲವತ್ತು ವರ್ಷ ಬೇರೆ ಯಾವುದಕ್ಕೂ ಜಾಗವಿಲ್ಲದಂತೆ ಹೇಳಿತ್ತು.

ಒಕಾಡ 1971ರಲ್ಲಿ ತೀರಿಕೊಂಡರು. ಅದೇ ಸುಮಾರಿಗೆ ಏಷ್ಯಾ ಮೂಲದ ಕೆಲವು ಯುವ ಲೇಖಕರು ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿದ 'ನೋ-ನೋ ಬಾಯ್' ಓದಿ ಬೆರಗಾಗಿ, ಈ ಲೇಖಕ ಎಲ್ಲಿದ್ದಾನೆಂದು ಹುಡುಕಿ ಹೊರಟರು. 1976ರಲ್ಲಿ ತಾವೇ ಹಣ ಹಾಕಿ ಮರುಮುದ್ರಿಸಿದರು. ಆಮೇಲಷ್ಟೇ ಅದು ವಿಶ್ವವಿದ್ಯಾಲಯಗಳ ಪಠ್ಯವಾದದ್ದು. ಅವರು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಲೇಖಕನ ವಿಧವೆ ಪತ್ನಿ ಮಾತ್ರ. ಜಪಾನಿನಿಂದ ಬಂದ ಮೊದಲ ತಲೆಮಾರಿನ ಬಗ್ಗೆ, ಅಂದರೆ 28ನೇ ಪ್ರಶ್ನೆಗೆ ಉತ್ತರವಿಲ್ಲದ ಆ ವೃದ್ಧರ ಬಗ್ಗೆ, ಒಕಾಡ ಎರಡನೆಯ ಕಾದಂಬರಿ ಬರೆಯುತ್ತಿದ್ದರಂತೆ. ಅವರ ಕಾಗದಪತ್ರಗಳನ್ನು ಆಕೆ ಒಂದು ವಿಶ್ವವಿದ್ಯಾಲಯಕ್ಕೆ ಕೊಡಲು ಹೋಗಿದ್ದರು. ಅವರು ಬೇಡವೆಂದರು. ಮನೆ ಬದಲಿಸುವಾಗ ಹಸ್ತಪ್ರತಿಯನ್ನೂ ಸೇರಿಸಿ ಎಲ್ಲವನ್ನೂ ಆಕೆ ಸುಟ್ಟುಬಿಟ್ಟಿದ್ದರು.