ದೊರೆತ ವಸ್ತುವಿನ ಬೆಲೆ

ಹಳೆಯ ವಸ್ತುಗಳನ್ನು ಹುಡುಕಿ ಕೂಡಿಡುವ ಹವ್ಯಾಸ ಮನುಷ್ಯನಿಗೆ ಹೊಸದಲ್ಲ. ಒಬ್ಬನಿಗೆ ನಾಣ್ಯ, ಇನ್ನೊಬ್ಬನಿಗೆ ಅಂಚೆಚೀಟಿ, ಮತ್ತೊಬ್ಬನಿಗೆ ತಾಳೆಗರಿ. ಈ ಸಾಲಿಗೆ ನಮ್ಮ ಕಾಲದಲ್ಲಿ ಬಂದು ಸೇರಿರುವುದು ಹಳೆಯ ಧ್ವನಿವರ್ಧಕ ಯಂತ್ರ. ಜನರ ಮಾತಿನಲ್ಲಿ ಹೇಳುವುದಾದರೆ ಆಂಪ್ಲಿಫಯರ್. ಗಾಜಿನ ವಾಲ್ವುಗಳಿಂದ ನಡೆಯುವ, ಅಪರೂಪವಾದ, ಅಧಿಕ ಶಕ್ತಿಯುಳ್ಳ ಅಂಥ ಯಂತ್ರವೊಂದು ಯಾವುದಾದರೂ ಮೂಲೆಯಲ್ಲಿ ಕಣ್ಣಿಗೆ ಬಿದ್ದರೆ, ಬಲ್ಲವನ ಎದೆ ನಿಧಿ ಕಂಡವನ ಎದೆಯಂತೆ ಬಡಿದುಕೊಳ್ಳುತ್ತದೆ. ಈ ಸಂತೋಷ ಎಂಥದು, ಅದರಲ್ಲಿ ನಮಗೆ ಸಲ್ಲುವುದೆಷ್ಟು, ಸಲ್ಲದೆ ಇರುವುದೆಷ್ಟು ಎಂಬುದನ್ನು ಇಲ್ಲಿ ವಿಚಾರ ಮಾಡಬೇಕೆಂದಿದ್ದೇವೆ.

ಮಂಗೋರ್ ಹಿಲ್ಲಿನ ಕನ್ನಡಿಗರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಗುಡ್ಡದ ಕೆಳಗೆ ವಾಸ್ಕೋ ಪಟ್ಟಣ; ಅದರಾಚೆ ಮುರ್ಮುಗೋವಾ ಬಂದರು. ಹಡಗಿನ ಚಾಕರಿಗೆ ಹೋದ ಗೋವೆಯ ನಾವಿಕರು ಹೊರದೇಶಗಳಿಂದ ರೇಡಿಯೋ, ಗ್ರಾಮಫೋನು ಮುಂತಾದುವನ್ನು ಮನೆಗೆ ತಂದರು. ಮಕ್ಕಳು ಮೊಮ್ಮಕ್ಕಳು ಬೇರೆ ಊರು ಸೇರಿದ ಮೇಲೆ ಅಂಥ ಸಾಮಾನು ಒಂದು ದಿನ ಗುಜರಿಗೆ ಬೀಳುತ್ತದೆ. ಆ ಗುಜರಿಯನ್ನು ತಲೆಯ ಮೇಲೆ ಹೊತ್ತು ತರುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಮೆಗೆಂದು ಬಂದ ನಮ್ಮವರೂ ಇರಬಹುದು.

ಮೊದಲು ಯಂತ್ರದ ವಿಚಾರ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಎಂಬಾತನು ಗಾಜಿನ ಬುರುಡೆಯೊಳಗೆ ಇದ್ದ ಎರಡು ಲೋಹಾಂಗಗಳ ಜೊತೆಗೆ ಮೂರನೆಯದೊಂದನ್ನು ಇರಿಸಿದನು. ಕಾದ ತಂತುವಿನಿಂದ ಹೊರಡುವ ಎಲೆಕ್ಟ್ರಾನುಗಳ ಪ್ರವಾಹವನ್ನು ಈ ಮೂರನೆಯ ಅಂಗದ ಮೇಲಿನ ಅತ್ಯಲ್ಪವಾದ ವಿದ್ಯುತ್ ವ್ಯತ್ಯಾಸ ತಡೆಯಬಲ್ಲದು, ಬಿಡಬಲ್ಲದು. ಕ್ಷೀಣವಾದ ಧ್ವನಿಸಂಕೇತ ಬಲವಾದ ಪ್ರವಾಹಕ್ಕೆ ಅಪ್ಪಣೆ ಕೊಡುತ್ತದೆ. ವರ್ಧನದ ರಹಸ್ಯವೆಲ್ಲ ಇಷ್ಟೇ. ಆದರೆ ವಾಲ್ವಿನಲ್ಲಿ ವೋಲ್ಟೇಜು ಹೆಚ್ಚು, ಪ್ರವಾಹ ಕಡಿಮೆ. ಸ್ಪೀಕರಿಗೆ ಬೇಕಾದುದು ಇದಕ್ಕೆ ವಿರುದ್ಧ. ಇವೆರಡರ ನಡುವೆ ಸಂಧಾನ ಮಾಡಿಸಲು ಕಬ್ಬಿಣದ ತಗಡುಗಳಿಗೆ ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರು ಬೇಕು. ಯಂತ್ರದ ಭಾರಕ್ಕೆ ಮುಖ್ಯ ಕಾರಣ ಇದೇ. ಗುಜರಿಯವನು ಅದಕ್ಕೆ ಬೆಲೆ ಕಟ್ಟುವುದೂ ಈ ಕಬ್ಬಿಣ ತಾಮ್ರಗಳ ತೂಕದಿಂದಲೇ.

1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಮುಂದಿನ ಎರಡು ಮೂರು ದಶಕಗಳಲ್ಲಿ ವಾಲ್ವು ಹಿಂದೆ ಸರಿಯಿತು. ನಮ್ಮ ನಾಡಿನಲ್ಲಿ ಈ ಸ್ಥಿತ್ಯಂತರ ಎಷ್ಟು ಬೇಗ ನಡೆಯಿತೆಂಬುದಕ್ಕೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೇ ಸಾಕ್ಷಿ. 1954ರಲ್ಲಿ ಸ್ಥಾಪಿತವಾದ ಈ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಮರುವರ್ಷವೇ ಜರ್ಮೇನಿಯಮ್ ಅರೆವಾಹಕಗಳನ್ನೂ ತಯಾರಿಸಿತು. ಹಳೆಯದು ಮತ್ತು ಅದರ ಸ್ಥಾನವನ್ನು ಕಸಿದುಕೊಳ್ಳುವ ಹೊಸದು, ಎರಡೂ ಒಂದೇ ತೊಟ್ಟಿಲಲ್ಲಿ ಬೆಳೆದಂತಾಯಿತು.

ಈ ಯಂತ್ರಗಳ ಆಕರ್ಷಣೆಗೆ ಎರಡು ಬೇರುಗಳಿವೆ. ಒಂದು ಶಕ್ತಿ, ಇನ್ನೊಂದು ದೊರೆಯುವಿಕೆ. ಒಂದೊಂದನ್ನೂ ಪರೀಕ್ಷಿಸೋಣ.

ಸಂಗ್ರಾಹಕರು ಹಂಬಲಿಸುವ ಯಂತ್ರಗಳಲ್ಲಿ ಅಮೆರಿಕದ ಮ್ಯಾಕಿಂಟಾಷ್ ಸಂಸ್ಥೆ 1961ರಲ್ಲಿ ಹೊರತಂದ ಎಂ. ಸಿ. 275 ಒಂದು. ಅದಕ್ಕೆ ಎರಡು ದಾರಿ. ಒಂದೊಂದು ದಾರಿಗೆ 75 ವ್ಯಾಟು. ಇಷ್ಟು ಶಕ್ತಿ ಮನೆಗೆ ಬೇಕೇ? ಮನುಷ್ಯನ ಕಿವಿ ವಿಚಿತ್ರವಾದ ಲೆಕ್ಕಿಗ. ಸದ್ದು ಎರಡರಷ್ಟಾಯಿತೆಂದು ಅದಕ್ಕೆ ತೋರಬೇಕಾದರೆ ಶಕ್ತಿ ಸುಮಾರು ಹತ್ತರಷ್ಟಾಗಬೇಕು. ಹತ್ತು ವ್ಯಾಟಿನ ಯಂತ್ರವಿದ್ದವನು ನೂರು ವ್ಯಾಟಿನದನ್ನು ತಂದರೆ ಕಿವಿಗೆ ದೊರೆಯುವುದು ಎರಡರಷ್ಟು ಸದ್ದು ಮಾತ್ರ. ಸಾಮಾನ್ಯವಾದ ಕೋಣೆಯಲ್ಲಿ ಕುಳಿತು ಹಿತವಾಗಿ ಸಂಗೀತ ಕೇಳುವಾಗ ವ್ಯಯವಾಗುವುದು ಹೆಚ್ಚು ಕಡಿಮೆ ಒಂದು ವ್ಯಾಟು. ಮೃದಂಗದ ಒಂದು ಪೆಟ್ಟಿಗೆ, ತಾರಸ್ಥಾಯಿಯ ಒಂದು ಏರಿಕೆಗೆ ಕ್ಷಣಕಾಲ ಹೆಚ್ಚು ಬೇಕಾದೀತು, ನಿಜ. ಆದರೂ ಶಕ್ತಿಯ ಬಹುಭಾಗ ಎಂದಿಗೂ ಎಚ್ಚರಗೊಳ್ಳದೆ ಪೆಟ್ಟಿಗೆಯಲ್ಲಿಯೇ ಮಲಗಿರುತ್ತದೆ. ಒಡೆಯನು ಹಿಗ್ಗುವುದು ಕೇಳಿದ ಸಂಗೀತಕ್ಕಿಂತ ಹೆಚ್ಚಾಗಿ, ಕೇಳಿಸಬಹುದಾಗಿದ್ದ ಆದರೆ ಕೇಳಿಸದ ಗರ್ಜನೆಗೆ.

ಹಾಗೆಂದು ಶಕ್ತಿಯನ್ನೇ ಹಳಿಯುವುದು ತಪ್ಪು. ಕೇಳುವ ಕಿವಿಗಳು ಅನೇಕವಾದಾಗ ಶಕ್ತಿಗೆ ಅರ್ಥ ಬರುತ್ತದೆ. ಜಾತ್ರೆಯ ಬಯಲಿನಲ್ಲಿ, ಬಯಲಾಟದ ರಂಗದಲ್ಲಿ ಅಹುಜಾ ಯಂತ್ರದ ಸದ್ದು ಕೇಳದ ಕನ್ನಡಿಗನಾರು? ನಮ್ಮ ನೆಲದ್ದೇ ಇನ್ನೊಂದು ನಿದರ್ಶನವಿದೆ. ಪೋರ್ತುಗೀಜರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1955ರಿಂದ 1961ರ ವರೆಗೆ, ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ ಅವರು ಗಡಿಯ ಕಾಡುಗಳಲ್ಲಿ ಅಡಗಿ ಸ್ವಾತಂತ್ರ್ಯದ ರೇಡಿಯೋ ನಡೆಸಿದರು. ಬಹುಕಾಲ ಅದರ ನೆಲೆಯಾದುದು ಉತ್ತರ ಕನ್ನಡದ ಕ್ಯಾಸಲ್‌ರಾಕ್. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದಾಗ ಅವರಿಬ್ಬರು ವಿಮಾನವೇರಿ, ಧ್ವನಿವರ್ಧಕದ ಮೂಲಕ ಆ ಸುದ್ದಿಯನ್ನು ಆಕಾಶದಿಂದ ಸಾರಿದರು. ಆ ಯಂತ್ರ ಎಷ್ಟು ವ್ಯಾಟಿನದು, ಯಾವ ಸಂಸ್ಥೆಯದು ಎಂದು ಅಂದು ಯಾರೂ ಕೇಳಿರಲಾರರು. ಅದು ಯಾವ ಮಾತನ್ನು ಹೊತ್ತಿತ್ತು ಎಂಬುದಷ್ಟೇ ಮುಖ್ಯವಾಗಿತ್ತು. ಧ್ವನಿವರ್ಧಕಕ್ಕೆ ಸ್ವಂತ ಧ್ವನಿಯಿಲ್ಲ. ಅದರ ಹಿರಿಮೆಯೆಲ್ಲ ಪರರ ಧ್ವನಿಯನ್ನು ಹೊರುವುದರಲ್ಲಿದೆ.

ಇನ್ನು ದೊರೆಯುವಿಕೆ. ಹಣವುಳ್ಳವನು ಪೇಟೆಯಲ್ಲಿ ಪೂರ್ಣ ಬೆಲೆ ತೆತ್ತು ತಂದ ಯಂತ್ರವೂ ಅದೇ ಸ್ವರವನ್ನು ನುಡಿಯುತ್ತದೆ. ಆದರೆ ಅವನು ‘ಕೊಂಡೆ’ ಎನ್ನುತ್ತಾನೆ, ‘ಸಿಕ್ಕಿತು’ ಎನ್ನುವುದಿಲ್ಲ. ‘ಸಿಕ್ಕಿತು’ ಎಂಬ ಮಾತಿನ ಸವಿಯಲ್ಲಿ ಎರಡು ರಸಗಳು ಬೆರೆತಿವೆ. ಧೂಳಿನ ಕೆಳಗಿದ್ದುದನ್ನು ಗುರುತಿಸಿದ ಹೆಮ್ಮೆ ಒಂದು. ಮಾರಿದವನಿಗೆ ಅದರ ಬೆಲೆ ತಿಳಿದಿರಲಿಲ್ಲವೆಂಬ ಗುಟ್ಟಿನ ನಲಿವು ಇನ್ನೊಂದು. ಮೊದಲನೆಯದು ವಿದ್ಯೆಯ ಫಲ. ಎರಡನೆಯದು ಏನು?

ಒಂದು ಪ್ರಸಂಗವನ್ನು ಭಾವಿಸೋಣ. ಗುಡ್ಡದ ಇಳಿಜಾರಿನಲ್ಲಿ ಗುಜರಿಯವನ ತಕ್ಕಡಿಯ ಮೇಲೆ ಅಂಥ ಯಂತ್ರವೊಂದು ಕುಳಿತಿದೆ. ಅವನು ಕಿಲೋ ಲೆಕ್ಕದಲ್ಲಿ ಕೆಲವು ನೂರು ರೂಪಾಯಿ ಕೇಳುತ್ತಾನೆ. ಬಲ್ಲವರ ನಡುವೆ ಅದು ಲಕ್ಷಕ್ಕೆ ಹೋದೀತೆಂದು ಕೊಳ್ಳುವವನಿಗೆ ಗೊತ್ತು. ಅವನು ಸುಳ್ಳಾಡುವುದಿಲ್ಲ, ಸುಮ್ಮನಿರುತ್ತಾನೆ ಅಷ್ಟೆ. ಈ ಮೌನ ನ್ಯಾಯವೇ?

ಕಾನೂನು ಬಹುಮಟ್ಟಿಗೆ ಈ ಮೌನವನ್ನು ಕ್ಷಮಿಸಿದೆ. 1815ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಯುದ್ಧ ಮುಗಿದ ಸುದ್ದಿಯನ್ನು ಮೊದಲೇ ತಿಳಿದಿದ್ದ ವರ್ತಕನೊಬ್ಬನು ಅದನ್ನು ಬಾಯಿಬಿಡದೆ ಅಗ್ಗದ ಬೆಲೆಗೆ ಹೊಗೆಸೊಪ್ಪನ್ನು ಕೊಂಡನು. ತನಗೆ ತಿಳಿದ ಇಂಥ ಸುದ್ದಿಯನ್ನು ಮಾರುವವನಿಗೆ ತಿಳಿಸಲೇಬೇಕೆಂಬ ಬಂಧನ ಕೊಳ್ಳುವವನಿಗಿಲ್ಲ ಎಂದು 1817ರಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯ ಹೇಳಿತು. ಇದರಲ್ಲಿ ಯುಕ್ತಿಯಿಲ್ಲದಿಲ್ಲ. ವರ್ಷಗಟ್ಟಲೆ ಓದಿ, ಸುತ್ತಾಡಿ, ಕೈಸುಟ್ಟುಕೊಂಡು ಗಳಿಸಿದ ತಿಳಿವಳಿಕೆಗೆ ಪ್ರತಿಫಲ ಬೇಡವೇ? ಅವನು ಗುರುತಿಸದಿದ್ದರೆ ಆ ಯಂತ್ರ ಸುತ್ತಿಗೆಯ ಪೆಟ್ಟಿಗೆ ಸಿಕ್ಕಿ ತಾಮ್ರ ಬೇರೆ, ಕಬ್ಬಿಣ ಬೇರೆ ಆಗುತ್ತಿತ್ತಲ್ಲವೇ? ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಆದರೆ ಕಾನೂನು ಬಿಟ್ಟಲ್ಲಿಗೆ ಧರ್ಮ ಬಿಡುವುದಿಲ್ಲ. ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಸ್ಕೇವೋಲನೆಂಬ ನ್ಯಾಯವೇತ್ತನ ಸಂಗತಿಯನ್ನು ಹೇಳುತ್ತಾನೆ. ಸ್ಕೇವೋಲನು ಹೊಲವೊಂದನ್ನು ಕೊಳ್ಳಲು ಹೋಗಿ, ಒಂದೇ ಮಾತಿನಲ್ಲಿ ಬೆಲೆ ಹೇಳೆಂದು ಕೇಳಿದನು. ಒಡೆಯನು ಹೇಳಿದನು. ಇದರ ಯೋಗ್ಯತೆ ಅದಕ್ಕಿಂತ ಹೆಚ್ಚು ಎಂದು ಸ್ಕೇವೋಲನು ಮೇಲೆ ಒಂದು ಲಕ್ಷ ನಾಣ್ಯಗಳನ್ನು ಸೇರಿಸಿ ಕೊಟ್ಟನು. ಅವನು ಒಳ್ಳೆಯವನೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ, ಜಾಣನಲ್ಲ ಎಂದರು. ಜಾಣತನ ಬೇರೆ, ಒಳ್ಳೆಯತನ ಬೇರೆ ಎಂಬ ಈ ಎಣಿಕೆಯೇ ಲೋಕದ ಕೇಡಿಗೆ ಮೂಲವೆಂಬುದು ಸಿಸೆರೊನ ಅಭಿಪ್ರಾಯ.

ನಮ್ಮವರಿಗೆ ರೋಮಿನ ತನಕ ಹೋಗಬೇಕಾಗಿಲ್ಲ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕವಾಗಿತ್ತು. ಆದುದರಿಂದಲೇ ಅವನು ಆಯ್ದಕ್ಕಿ ಮಾರಯ್ಯ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಮಡದಿ ಲಕ್ಕಮ್ಮ ಅದನ್ನು ಭಾಗ್ಯವೆನ್ನಲಿಲ್ಲ; ಹೆಚ್ಚಿನದನ್ನು ಬಂದಲ್ಲಿಗೇ ಸುರಿದು ಬರುವಂತೆ ಹೇಳಿ ಕಳುಹಿಸಿದಳು. ಅದು ಕದ್ದ ಅಕ್ಕಿಯಲ್ಲ, ಸಿಕ್ಕಿದ ಅಕ್ಕಿ. ಆದರೂ ಅವಳ ಅಳತೆ ಸಿಕ್ಕಿದ್ದೆಷ್ಟು ಎಂಬುದಲ್ಲ, ಸಲ್ಲುವುದೆಷ್ಟು ಎಂಬುದು.

ಈ ಅಳತೆ ನಾವು ಎತ್ತಿದ ಎರಡು ಪ್ರಶ್ನೆಗಳಿಗೂ ಸಲ್ಲುತ್ತದೆ. ಒಂದು ವ್ಯಾಟು ಸಾಕಾದಲ್ಲಿ ನೂರು ವ್ಯಾಟನ್ನು ಮಲಗಿಸಿಟ್ಟುಕೊಳ್ಳುವುದು ಹೆಚ್ಚಿನ ಅಕ್ಕಿ. ತಿಳಿಯದವನ ಕೈಯಿಂದ ಲಕ್ಷದ ವಸ್ತುವನ್ನು ನೂರಕ್ಕೆ ತರುವುದೂ ಹೆಚ್ಚಿನ ಅಕ್ಕಿಯೇ. ಮರಳಿ ಸುರಿಯುವ ದಾರಿಯೂ ಕಷ್ಟದ್ದಲ್ಲ. ಗುಜರಿಯವನಿಗೆ ಅದರ ನಿಜವಾದ ಬೆಲೆಯನ್ನು ತಿಳಿಸಿ, ನಮ್ಮ ತಿಳಿವಳಿಕೆಗೂ ದುರಸ್ತಿಗೂ ತಕ್ಕ ಪಾಲನ್ನು ಇಟ್ಟುಕೊಂಡು, ಅವನ ಪಾಲನ್ನು ಅವನಿಗೆ ಕೊಡಬಹುದು. ಅಷ್ಟು ಹಣ ನಮ್ಮಲ್ಲಿಲ್ಲದಿದ್ದರೆ ಕೊಳ್ಳಬಲ್ಲವನನ್ನು ತೋರಿಸಬಹುದು. ವಸ್ತು ಕೈತಪ್ಪೀತು, ಗುರುತಿಸಿದ ಹೆಮ್ಮೆ ಮಾತ್ರ ಕೈತಪ್ಪದು. ಒಮ್ಮೆ ಬೆಲೆ ತಿಳಿದವನು ಮುಂದೆ ಅಂಥ ಯಂತ್ರದ ಮೇಲೆ ಸುತ್ತಿಗೆ ಎತ್ತಲಾರನು. ಹಳೆಯ ವಸ್ತುಗಳ ರಕ್ಷಣೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಅಧ್ಯಾಪಕರೂ ವಿದ್ಯಾರ್ಥಿಗಳೂ ಇದನ್ನು ವಿಶೇಷವಾಗಿ ಮನನ ಮಾಡಬೇಕೆಂದು ನಮ್ಮ ಬಿನ್ನಹ. ತಿಳಿದವನಿಗೂ ತಿಳಿಯದವನಿಗೂ ನಡುವೆ ಇರುವ ಅಂತರದಲ್ಲಿಯೇ ನಮ್ಮ ವೃತ್ತಿ ನಿಂತಿದೆ. ಆ ಅಂತರವನ್ನು ಲಾಭ ಮಾಡಿಕೊಳ್ಳುವವನು ವರ್ತಕ. ಅದನ್ನು ಕಡಿಮೆ ಮಾಡುವವನು ಗುರು. ತಕ್ಕಡಿ ಹಿಡಿದವನ ಮಗು ನಮ್ಮದೇ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತಿರಬಹುದು. ತರಗತಿಯಲ್ಲಿ ಮಗುವಿಗೆ ವಿದ್ಯೆಯನ್ನು ಹಂಚಿ, ಬೀದಿಯಲ್ಲಿ ತಂದೆಯಿಂದ ಅದನ್ನು ಬಚ್ಚಿಡುವುದು ನಮಗೆ ಒಪ್ಪುವ ನಡತೆಯಲ್ಲ.