ಅಡಿಕೆ, ತಂಬಾಕು ಮತ್ತು ಶ್ರಾವಕನ ಹೊಣೆ

ಜಪಮಾಲೆಯಲ್ಲಿ 108 ಮಣಿಗಳು ಏಕಿವೆ ಎಂಬ ಪ್ರಶ್ನೆಗೆ ಜೈನ ಪರಂಪರೆಯು ನೀಡುವ ಉತ್ತರವು ವಣಿಕನಿಗೂ ಒಪ್ಪುವಂತಹ ಒಂದು ಲೆಕ್ಕವಾಗಿದೆ. ಕಾರ್ಯವನ್ನು ಸಂಕಲ್ಪಿಸುವುದು, ಅದಕ್ಕೆ ಸಾಧನಗಳನ್ನು ಹೊಂದಿಸುವುದು, ಅದನ್ನು ತೊಡಗುವುದು ಎಂಬ ಸಂರಂಭ, ಸಮಾರಂಭ, ಆರಂಭಗಳು ಮೂರು. ಮನಸ್ಸು, ವಚನ, ಕಾಯಗಳೆಂಬ ದ್ವಾರಗಳು ಮೂರು. ತಾನೇ ಮಾಡುವ ಕೃತ, ಪರರಿಂದ ಮಾಡಿಸುವ ಕಾರಿತ, ಮಾಡಿದುದನ್ನು ಒಪ್ಪಿಕೊಳ್ಳುವ ಅನುಮತ ಎಂಬ ಬಗೆಗಳು ಮೂರು. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳು ನಾಲ್ಕು. ಇವೆಲ್ಲವನ್ನೂ ಗುಣಿಸಿದರೆ 108 ಆಗುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಈ ಗಣನೆಗೆ ಆಧಾರವಿದೆ. ಇದರಲ್ಲಿ ಗುಣಾಕಾರವುಂಟು, ಭಾಗಾಕಾರವಿಲ್ಲ. ಹತ್ತು ಮಂದಿ ಕೂಡಿ ಮಾಡಿದ ಪಾಪವು ತಲೆಗೆ ಹತ್ತನೆಯ ಒಂದು ಪಾಲಿನಂತೆ ಹಂಚಿಹೋಗುವುದಿಲ್ಲ ಎಂಬುದೇ ಈ ಲೆಕ್ಕದ ತಿರುಳು.

ಈ ತತ್ತ್ವವನ್ನು ಶಿವಮೊಗ್ಗ ಸೀಮೆಯ ಶ್ರಾವಕರು ತಮ್ಮ ಮನೆಬಾಗಿಲಿನ ಒಂದು ವಿಷಯದಲ್ಲಿಯೇ ಪರೀಕ್ಷಿಸಿ ನೋಡಬಹುದು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟವು ಕುವೆಂಪು ವಿಶ್ವವಿದ್ಯಾನಿಲಯದ ನೆಲೆಯೆಂದು ನಾಡಿಗೆಲ್ಲ ತಿಳಿದಿದೆ. ಭದ್ರೆಯ ನೀರು ಹರಿದ ಆ ಸೀಮೆಯಲ್ಲಿ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗಿ ಮಾರ್ಪಡುತ್ತ ಬಂದಿರುವುದು ದಾರಿಹೋಕರಿಗೂ ಕಾಣುವ ಸಂಗತಿ. ಎರಡು ಎಕರೆಯ ಒಡೆಯನೊಬ್ಬನನ್ನು ನೆನೆಯೋಣ. ಮಗಳ ಮದುವೆ, ಮಗನ ವಿದ್ಯಾಭ್ಯಾಸ, ಸೊಸೈಟಿಯ ಸಾಲ ಎಲ್ಲವೂ ಅವನಿಗೆ ಅಡಿಕೆಯ ಧಾರಣೆಯನ್ನು ಅವಲಂಬಿಸಿವೆ. ಅವನ ಕಣ್ಣಿಗೆ ಅಡಿಕೆಯು ಪೂಜೆಗೆ ಇಡುವ ಮಂಗಳದ್ರವ್ಯ, ಅತಿಥಿಗೆ ನೀಡುವ ತಾಂಬೂಲ. ಆದರೆ ಅವನು ಬೇಯಿಸಿ ಒಣಗಿಸಿದ ಕೆಂಪಡಿಕೆಯು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಗೊಂಡು ಶಿವಮೊಗ್ಗದ ಮಂಡಿಗೆ ಸೇರುತ್ತದೆ. ಅಲ್ಲಿಂದ ಅದರ ದೊಡ್ಡ ಪಾಲು ಪಾನ್ ಮಸಾಲಾ ಮತ್ತು ಗುಟ್ಕಾ ತಯಾರಕರ ಕೈಗೆ ಹೋಗುತ್ತದೆ. ಪೂಜೆಯ ತಟ್ಟೆಯಿಂದ ವಿಷದ ಪೊಟ್ಟಣದವರೆಗಿನ ಈ ಹಾದಿಯಲ್ಲಿ ಹಿಂಸೆ ಎಲ್ಲಿ ಮೊದಲಾಯಿತು?

ಈ ವ್ಯಾಪಾರದ ಮೇಲೆ ಕಾನೂನಿನ ಕಡಿವಾಣವು ಹಂತಹಂತವಾಗಿ ಬಿದ್ದಿತು. 2003ರಲ್ಲಿ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆ ಬಂದಿತು. 2004ರಲ್ಲಿ ಭಾರತವು ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯನ್ನು ಅನುಮೋದಿಸಿತು. ಅದೇ ವರ್ಷ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ತಂಬಾಕು ಬೆರೆಯದಿದ್ದರೂ ಅಡಿಕೆಯು ಸ್ವತಃ ಕ್ಯಾನ್ಸರ್‌ಕಾರಕವೆಂಬ ತನ್ನ ನಿರ್ಣಯವನ್ನು ಪ್ರಕಟಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಇಂದಿಗೂ ಒಪ್ಪಿಲ್ಲ. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2011ರ ಮಾರ್ಚ್ 1ರಿಂದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಗುಟ್ಕಾ ಮಾರುವಂತಿರಲಿಲ್ಲ. 2011ರ ಆಹಾರ ಸುರಕ್ಷತಾ ನಿಯಮಾವಳಿಯು ಆಹಾರ ಪದಾರ್ಥಗಳಲ್ಲಿ ತಂಬಾಕು ಮತ್ತು ನಿಕೋಟಿನ್ ಬೆರೆಸುವುದನ್ನು ನಿಷೇಧಿಸಿತು. ಆ ಆಧಾರದ ಮೇಲೆ 2013ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತು.

ಮಲೆನಾಡಿನ ಬೆಳೆಗಾರರು ಆಗ ತಮ್ಮ ಬದುಕೇ ಮುಗಿಯಿತೆಂದು ಹೆದರಿದರು. ಆದರೆ ಮರುವರ್ಷ, 2014ರಲ್ಲಿ, ಅಡಿಕೆಯ ಧಾರಣೆಯು ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು, ಬಳಿಕ ಕುಸಿಯಿತು. ಈ ಏರಿಳಿತಗಳ ನಡುವೆ ಪೇಟೆಯಲ್ಲಿ ಒಂದು ಚಮತ್ಕಾರ ನಡೆದಿತ್ತು. ಒಂದು ಪೊಟ್ಟಣ ಎರಡಾಯಿತು. ಒಂದರಲ್ಲಿ ಪಾನ್ ಮಸಾಲಾ, ಮತ್ತೊಂದರಲ್ಲಿ ತಂಬಾಕು. ಬೆರೆಸುವ ಕೆಲಸವನ್ನು ಕೊಳ್ಳುವವನ ಅಂಗೈಗೆ ಬಿಡಲಾಯಿತು. ನಿಷೇಧವನ್ನು ಸರಿಯಾಗಿ ಜಾರಿಗೊಳಿಸಿರೆಂದು 2016ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಸೂಚಿಸಬೇಕಾಯಿತು. ಕಾನೂನಿನ ಅಕ್ಷರವನ್ನು ಉಳಿಸಿ ಅದರ ಪ್ರಾಣವನ್ನು ತೆಗೆಯುವ ಇಂತಹ ಕುಶಲತೆಗೆ ಜೈನಾಚಾರ್ಯರು ಇಟ್ಟ ಹೆಸರು ಮಾಯಾಕಷಾಯ.

ಈಗ ಪ್ರತಿಯೊಬ್ಬರ ಸಮರ್ಥನೆಯನ್ನು ಕೇಳೋಣ. “ನಾನು ಬೆಳೆದುದು ಅಡಿಕೆ, ಗುಟ್ಕಾ ಅಲ್ಲ” ಎನ್ನುತ್ತಾನೆ ರೈತ. “ನಾನು ತೂಗಿ ಕೊಟ್ಟವನು ಮಾತ್ರ” ಎನ್ನುತ್ತಾನೆ ಮಂಡಿಯ ವರ್ತಕ. “ನಾವು ತೆರಿಗೆ ಕಟ್ಟುತ್ತೇವೆ, ಲಕ್ಷಾಂತರ ರೈತರು ನಮ್ಮನ್ನು ನಂಬಿದ್ದಾರೆ” ಎನ್ನುತ್ತದೆ ಕಂಪನಿ. “ಗಿರಾಕಿ ಕೇಳುತ್ತಾನೆ, ನಾನು ಕೊಡುತ್ತೇನೆ” ಎನ್ನುತ್ತಾನೆ ಅಂಗಡಿಯವನು. ಇವುಗಳಲ್ಲಿ ಯಾವುದೂ ಶುದ್ಧ ಸುಳ್ಳಲ್ಲ. ಪ್ರತಿಯೊಂದೂ ಒಂದು ನಯ, ಅಂದರೆ ಸತ್ಯದ ಒಂದು ಮುಖ. ಆದರೆ ಒಂದು ಮುಖವನ್ನು ಹಿಡಿದು ಉಳಿದ ಮುಖಗಳನ್ನು ಇಲ್ಲವೆಂದರೆ ಅದು ನಯಾಭಾಸವಾಗುತ್ತದೆ. ಎಲ್ಲರ ಮಾತಿನಲ್ಲೂ ಸತ್ಯವಿದೆಯಾದುದರಿಂದ ಯಾರೂ ತಪ್ಪಿತಸ್ಥರಲ್ಲ ಎಂದು ತೀರ್ಮಾನಿಸುವುದಕ್ಕೆ ಅನೇಕಾಂತವಾದವನ್ನು ಕರೆತರುವವರು ಆ ವಾದಕ್ಕೇ ಅಪಚಾರ ಮಾಡುತ್ತಾರೆ.

ರೈತನ ಬಡತನವನ್ನು ಬಲವುಳ್ಳವರು ಗುರಾಣಿಯಾಗಿ ಹಿಡಿಯುವುದು ಸಿಗರೇಟಿನ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ವರ್ಜೀನಿಯಾ ತಂಬಾಕು ಬೆಳೆಯುವ ಸಣ್ಣ ರೈತರಿದ್ದಾರೆ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯು ಅವರಿಗೆ ಪರವಾನಗಿ ಕೊಡುತ್ತದೆ, ಬೆಳೆಯ ಮಿತಿಯನ್ನು ಗೊತ್ತುಪಡಿಸುತ್ತದೆ, ಹರಾಜು ನಡೆಸುತ್ತದೆ. ಎಲೆಯನ್ನು ಬ್ಯಾರನ್‌ಗಳಲ್ಲಿ ಸೌದೆ ಉರಿಸಿ ಹದಗೊಳಿಸುವುದರಿಂದ ಮರಗಳ ಹಿಂಸೆಯೂ ಇದಕ್ಕೆ ಸೇರಿತು. ಆದರೂ ರೈತನು ಇದನ್ನು ಬಿಡಲಾರ. ಏಕೆಂದರೆ ಖಚಿತವಾಗಿ ಕೊಳ್ಳುವವರು ಇಂತಲ್ಲಿಗೆ ಬರುತ್ತಾರೆಂಬ ಭರವಸೆಯು ತಂಬಾಕಿಗೆ ಇರುವಷ್ಟು ಅವನ ಇತರ ಬೆಳೆಗಳಿಗೆ ಇಲ್ಲ.

ಇದೇ ರೈತನ ಹೆಸರಿನಲ್ಲಿ ನಡೆದುದನ್ನು ನೋಡಿರಿ. ಪೊಟ್ಟಣದ ಶೇಕಡಾ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮವನ್ನು 2015ರಲ್ಲಿ ಪರಿಶೀಲಿಸಿದ ಸಂಸದೀಯ ಸಮಿತಿಯಲ್ಲಿ ಬೀಡಿ ಉದ್ಯಮದ ಒಡೆಯರೊಬ್ಬರೂ ಸದಸ್ಯರಾಗಿದ್ದರು. ನಿಯಮವು 2016ರ ಏಪ್ರಿಲ್ 1ರಂದು ಜಾರಿಯಾಯಿತು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಇನ್ನೊಂದೆಡೆ, ಕೋಟ್ಯಂತರ ಜನರ ಪ್ರಾಣಕ್ಕೆ ವಿಮೆ ನೀಡುವ ಸಾರ್ವಜನಿಕ ಸಂಸ್ಥೆಯಾದ ಜೀವವಿಮಾ ನಿಗಮವೇ ಸಿಗರೇಟು ಕಂಪನಿಯಾದ ಐ.ಟಿ.ಸಿ.ಯ ದೊಡ್ಡ ಷೇರುದಾರರಲ್ಲಿ ಒಂದು. ಇದರ ವಿರುದ್ಧ 2017ರಲ್ಲಿ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋಯಿತು. ಬೀಡಿಯನ್ನೇ ಮುಟ್ಟದ ಪಾಲಿಸಿದಾರನೂ ತಿಳಿಯದೆ ಅನುಮತದ ಸೂಜಿಯಲ್ಲಿ ಪೋಣಿಸಲ್ಪಟ್ಟಿದ್ದಾನೆ.

ಹಾಗಾದರೆ ಎಲ್ಲರ ಪಾಪವೂ ಸಮವೇ? ಅಲ್ಲ. 108ರ ಗಣನೆಯಲ್ಲಿ ಕಷಾಯಕ್ಕೂ ಸ್ಥಾನವಿದೆ. ತೀವ್ರ ಕಷಾಯದಿಂದ ಮಾಡಿದ ಕಾರ್ಯದ ಬಂಧವೂ ತೀವ್ರ, ಮಂದ ಕಷಾಯದಿಂದ ಮಾಡಿದುದರ ಬಂಧವೂ ಮಂದ. ಅಡಿಕೆಯ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಒಮ್ಮೆ ನೆಟ್ಟ ತೋಟ ದಶಕಗಳ ಕಾಲ ನಿಲ್ಲುತ್ತದೆ. ಕಾನೂನು ಬದಲಾಯಿತೆಂದು ಎರಡು ಎಕರೆಯವನು ಒಂದೇ ಮಳೆಗಾಲದಲ್ಲಿ ತೋಟ ಕಡಿದು ಬೇರೆ ಬೆಳೆ ಇಡಲಾರನು. ಅವನ ಹಿಂಸೆ ಜೀವನೋಪಾಯಕ್ಕಾಗಿ ಒದಗುವ ಉದ್ಯಮೀ ಹಿಂಸೆ. ಹಾನಿಯನ್ನು ಬಲ್ಲವನಾಗಿ, ಬೇರೆ ಹತ್ತು ಮಾರ್ಗಗಳಿದ್ದೂ, ಎಳೆಯ ಹುಡುಗರ ಕೈಗೆಟುಕುವ ಬೆಲೆಗೆ ಪೊಟ್ಟಣವನ್ನು ಕಟ್ಟುವವನ ಲೋಭವನ್ನು ಇದರೊಂದಿಗೆ ತೂಗಲಾಗದು. ಚಿಲುಮೆ ಸೇದುವ ಮುದುಕನೂ, ಹೊಗೆಸೊಪ್ಪು ಅಗಿಯುತ್ತ ಅಡಿಕೆ ಸುಲಿಯುವ ಕೂಲಿಯವಳೂ ಪಾಪಿಗಳೆನ್ನುವುದಕ್ಕಿಂತ ಮೊದಲು ರೋಗಿಗಳು. ಆದರೆ ಪೇಟೆಯಲ್ಲಿ ಬೀಡಿ ಸೇದಿದವನಿಗೆ ದಂಡ ಬೀಳುವುದು ಸುಲಭ. ಪೊಟ್ಟಣ ಎರಡು ಮಾಡಿದವನನ್ನು ಹಿಡಿಯುವುದು ಕಷ್ಟ.

ಭಾರತವು ಸಹಿ ಹಾಕಿದ ಒಡಂಬಡಿಕೆಯ 17ನೆಯ ಕಲಮು, ತಂಬಾಕು ಬೆಳೆಗಾರರಿಗೂ ಕಾರ್ಮಿಕರಿಗೂ ಬದಲಿ ಜೀವನೋಪಾಯ ಒದಗಿಸುವುದಕ್ಕೆ ನೆರವಾಗಬೇಕೆನ್ನುತ್ತದೆ. 5ನೆಯ ಕಲಮು, ತಂಬಾಕು ಉದ್ಯಮದ ಹಿತಾಸಕ್ತಿಗಳಿಂದ ಆರೋಗ್ಯ ನೀತಿಯನ್ನು ಕಾಪಾಡಬೇಕೆನ್ನುತ್ತದೆ. ಇವೆರಡನ್ನೂ ಬಿಟ್ಟು ಬರಿಯ ನಿಷೇಧವನ್ನು ಹಿಡಿದರೆ ಭಾರವೆಲ್ಲ ದುರ್ಬಲನ ಹೆಗಲಿಗೇ ಬೀಳುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದೇ ಅದು. ಇದಕ್ಕೆ ದೃಷ್ಟಾಂತವಾದ ವಾರಿಷೇಣನು ಶ್ರೇಣಿಕ ಮಹಾರಾಜನ ಮಗನಾಗಿ ಹುಟ್ಟಿ ಮುನಿಯಾದವನು. ಜೊತೆಗೆ ದೀಕ್ಷೆ ಪಡೆದ ಗೆಳೆಯನ ಮನಸ್ಸು ಬಿಟ್ಟುಬಂದ ಹೆಂಡತಿಯತ್ತ ಹರಿದಾಗ ವಾರಿಷೇಣನು ಅವನನ್ನು ಬೈಯಲಿಲ್ಲ. ಅರಮನೆಗೆ ಕರೆದೊಯ್ದು, ತಾನು ತ್ಯಜಿಸಿದ ಭೋಗವೆಷ್ಟೆಂಬುದನ್ನು ತೋರಿಸಿದನು. ಗೆಳೆಯನು ನಾಚಿ ನೆಲೆನಿಂತನು. ತಾನು ಬಿಟ್ಟವನಿಗೆ ಮಾತ್ರ ಬಿಡೆಂದು ಹೇಳುವ ಅಧಿಕಾರವುಂಟೆಂಬುದು ಇದರ ಮರ್ಮ.

ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡಿ ಸಂಜೆ ಅಂಗಡಿಯ ಬಾಗಿಲಿಗೆ ಪೊಟ್ಟಣಗಳ ಸರ ತೂಗುಹಾಕುವ ವ್ಯಾಪಾರಿಯು ಈ ಕಥೆಯನ್ನು ನೆನೆಯಬೇಕು. ಕೊಡಲಿ, ಖಡ್ಗ, ವಿಷಗಳನ್ನು ಪರರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಅನರ್ಥದಂಡಗಳಲ್ಲಿ ಎಣಿಸಲಾಗಿದೆ. ಪೋರ್ಚುಗೀಸರೊಡನೆ ಭಾರತಕ್ಕೆ ಬಂದ ತಂಬಾಕಿನ ಹೆಸರು ಪ್ರಾಚೀನ ಶ್ರಾವಕಾಚಾರ ಗ್ರಂಥಗಳಲ್ಲಿ ಇರಲು ಸಾಧ್ಯವಿಲ್ಲ. ಹೆಸರಿಲ್ಲವೆಂಬುದು ಅನುಮತಿಯೂ ಅಲ್ಲ. ಸರವನ್ನು ಇಳಿಸಿದರೆ ಗಿರಾಕಿ ಎದುರಿನ ಅಂಗಡಿಗೆ ಹೋದಾನು. ಪೊಟ್ಟಣಕ್ಕೆ ಬಂದವನು ಜೊತೆಗೆ ಕೊಳ್ಳುತ್ತಿದ್ದ ಸಕ್ಕರೆ ಸಾಬೂನಿನ ವ್ಯಾಪಾರವೂ ತಪ್ಪೀತು. ಆ ನಷ್ಟ ನಿಜವಾದುದು, ಅದನ್ನು ಹಗುರಮಾಡಿ ಹೇಳಬಾರದು. ಆದರೆ ನಷ್ಟವಿಲ್ಲದ ತ್ಯಾಗವನ್ನು ಯಾವ ಶಾಸ್ತ್ರವೂ ತ್ಯಾಗವೆಂದು ಕರೆದಿಲ್ಲ.

ಸರವನ್ನು ಇಳಿಸಿದವನು ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ತೋಟದಲ್ಲಿ ಕಾಳುಮೆಣಸು, ಬಾಳೆ, ಏಲಕ್ಕಿಗಳನ್ನು ಬೆರೆಸಿ ಬೆಳೆಯಲು ಮುಂದಾದ ರೈತನಿಗೆ ಕಡಿಮೆ ಬಡ್ಡಿಯ ಮುಂಗಡ ಕೊಡುವುದು, ಅವನ ಮಾಲಿಗೆ ಸರಿಯಾದ ಬೆಲೆ ಕಟ್ಟುವುದು ವ್ಯಾಪಾರಿಯ ಕೈಯಲ್ಲಿಯೇ ಇದೆ. ಅದು ಅವನ ಸ್ಥಿತಿಕರಣ. ಶಂಕರಘಟ್ಟದ ರೈತನನ್ನು ದೂರುವ ಮೊದಲು ತನ್ನ ಅಂಗಡಿಯ ಬಾಗಿಲನ್ನೊಮ್ಮೆ ತಲೆಯೆತ್ತಿ ನೋಡುವ ಶ್ರಾವಕನು ಜಪಮಾಲೆಯ 108 ಮಣಿಗಳಲ್ಲಿ ಒಂದನ್ನಾದರೂ ಅರ್ಥವರಿತು ಎಣಿಸಿದಂತಾಗುವುದು.